ಸುನ್ನತಿಯ ಚಾಪೆಯ ಮೇಲೆ ಉಪದೇಶಿ

ರಾಣೆಬೆನ್ನೂರಿನ ಸಣ್ಣ ಚರ್ಚಿನಲ್ಲಿ ಬೆಳಕು ಹರಿಯುವ ಮೊದಲೇ ಕಸಬರಿಗೆಯ ಸಪ್ಪಳ. ಕಸ ಹೊಡೆದು, ಗಂಟೆ ಬಾರಿಸಿ, ಉಪದೇಶಿ ದಾನಿಯೇಲಪ್ಪ ಸೈಕಲ್ ಹತ್ತುತ್ತಾರೆ. ಪಾದ್ರಿಗಳು ತಿಂಗಳಿಗೊಮ್ಮೆ ಮುಟ್ಟುವ ಹಳ್ಳಿಗಳಿಗೆ ಇವರದು ದಿನದ ಓಡಾಟ. ಮಕ್ಕಳಿಗೆ ಪಾಠ, ರೋಗಿಗಳಿಗೆ ಪ್ರಾರ್ಥನೆ, ಯಾರಾದರೂ ಸತ್ತರೆ ಕುಣಿ ತೋಡಲೂ ಒಂದು ಕೈ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ತಾಯಿ ಇವರನ್ನು ಓದಿಸಿದ್ದು ಏಳನೆಯ ಇಯತ್ತೆಯವರೆಗೆ.

ಹೋದ ಚಳಿಗಾಲ ಕುಪ್ಪೇಲೂರಿನ ಉಚ್ಚಂಗೆವ್ವನ ಮೊಮ್ಮಗನಿಗೆ ಮೂತ್ರ ಕಟ್ಟತೊಡಗಿತು. ಮುಂದೊಗಲು ತೆಗೆಯಲೇಬೇಕೆಂದರು ಡಾಕ್ಟರು. ಹುಡುಗನ ಅಪ್ಪ, ಸುನ್ನತಿ ಮಾಡುವುದರಲ್ಲಿ ಪಳಗಿದ ಯೂಸುಫಸಾಬರನ್ನು ಕರೆಸಿದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ದಾನಿಯೇಲಪ್ಪನವರಿಗೆ ಹೇಳಿಕಳಿಸಿದಳು. ಸುನ್ನತಿಯಾದವರಿಗೆ ಕ್ರಿಸ್ತನಿಂದ ಪ್ರಯೋಜನವಿಲ್ಲ ಎಂದು ಪೌಲ ಹೇಳಿದ್ದನ್ನು ಆಕೆ ಚರ್ಚಿನಲ್ಲಿ ಕೇಳಿದ್ದಳು.

“ಕೊಯ್ದ ಮ್ಯಾಲೆ ಇವ ನಮ್ಮಾವ ಉಳೀತಾನೇನ್ರಿ ಉಪದೇಶಿ?”

“ಅದನ್ನ ಮಾಡಿಸ್ಕೊಂಡ್ರನ ದೇವರು ಒಪ್ಪತಾನ ಅಂತ ಜುಲುಮಿ ಮಾಡೋರಿದ್ರು ಯವ್ವಾ, ಅವರ ಮಾತು ಕೇಳಬ್ಯಾಡ್ರಿ ಅಂತ ಪೌಲ ಹಂಗಂದ. ಮಾಡಿಸಿದ್ರ ಹೆಚ್ಚಲ್ಲ, ಬಿಟ್ರ ಕಡಿಮಿ ಅಲ್ಲ, ಪ್ರೀತೀಲೆ ನಡಿಯೋ ನಂಬಿಗಿ ಬೇಕು ಅಂತ ಅಲ್ಲೇ ಮುಂದ ಅಂದಾನ. ನಿನಗ ಉಚ್ಚಂಗೆವ್ವ ಅಂತ ಊರಮ್ಮನ ಹೆಸರೈತಿ. ಅದಕ್ಕ ನಿನ್ನ ಹೊರಗ ಹಾಕೇವೇನು?”

“ಆತು. ಆದ್ರ ಸಾಬಣ್ಣ ಬಿಸ್ಮಿಲ್ಲಾ ಅನಬಾರ್ದು.”

ಯೂಸುಫಸಾಬರು ನಕ್ಕರು: “ಅನ್ನದಿದ್ರ ನನ್ನ ಕೈ ನಡಗತೈತಿ ಯವ್ವಾ. ನಡಗೋ ಕೈಲೆ ಕೊಯ್ಲೇನು?”

ಒಳಗೆ ಹುಡುಗ ಹೊಟ್ಟೆ ಹಿಡಿದು ಚೀರಿದ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಳು.

ಹುಡುಗನನ್ನು ಹಿಡಿದು ಕೂರಬೇಕಾದ ಸೋದರಮಾವ ಬಂದಿರಲಿಲ್ಲ, ಅಪ್ಪನಿಗೆ ನೋಡುವ ಧೈರ್ಯವಿರಲಿಲ್ಲ. ದಾನಿಯೇಲಪ್ಪನವರೇ ಚಾಪೆಯ ಮೇಲೆ ಕೂತು ಹುಡುಗನನ್ನು ತೊಡೆಗೆ ಎಳೆದುಕೊಂಡು ಮೊಣಕಾಲು ಬಿಗಿಹಿಡಿದರು. ಯೂಸುಫಸಾಬರು ಬಿಸ್ಮಿಲ್ಲಾ ಅಂದರು. ಇವರು ಹುಡುಗನ ಕಿವಿಯಲ್ಲಿ ತಮ್ಮ ಪ್ರಾರ್ಥನೆ ಹೇಳಿದರು.

ಸುದ್ದಿ ಸೈಕಲ್ಲಿಗಿಂತ ಮೊದಲೇ ರಾಣೆಬೆನ್ನೂರು ಮುಟ್ಟಿತು. “ಇನ್ನ ದಾನಿಯೇಲಸಾಬ ಅಂತ ಕರಿಯೂಣೇನ್ರಿ?” ಎಂದರು ಸಭೆಯ ಹಿರಿಯರೊಬ್ಬರು. ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಓದುವ ಇವರ ಕೆಲಸ ಅಂದಿನಿಂದ ಬೇರೆಯವರಿಗೆ ಹೋಗಿದೆ. ಕಸಬರಿಗೆ ಮಾತ್ರ ಇವರ ಕೈಯಲ್ಲೇ ಉಳಿದಿದೆ.

ಬೇಜಾರಿಲ್ಲವೇ ಎಂದರೆ ದಾನಿಯೇಲಪ್ಪ ಸೈಕಲ್ಲಿನ ಗಾಲಿ ಒತ್ತಿ ನೋಡುತ್ತಾರೆ.

“ಓದೋ ಆಸೆ ಐತ್ರಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಆ ಹುಡುಗ ಈಗ ಅಳದನ ಉಚ್ಚಿ ಹೊಯ್ತಾನ. ಗ್ವಾಡಿ ಮ್ಯಾಲೆ ಎಷ್ಟ ಎತ್ತರ ಹೋಗತೈತಿ ಅಂತ ನನ್ನ ಕರದು ತೋರಸ್ತಾನ.”