ಹಳೆಯ ಖಣಿಯ ಗೂಗಿ

ಇಳಕಲ್ಲಿನ ಕೆಂಪು ಕಲ್ಲಿನ ಖಣಿಯಲ್ಲಿ ನನ್ನ ಕೆಲಸ ಕೈ ಮಾಡುವುದು. ವೇಸ್ಟ್ ಕಲ್ಲು ತುಂಬಿಕೊಂಡು ಟಿಪ್ಪರ್ ಹಿಂದಕ್ಕೆ ಬರುತ್ತದೆ. ನಾನು ಗುಂಡಿಯ ಅಂಚಿನಲ್ಲಿ ನಿಂತು ಬರ್ಲಿ, ಬರ್ಲಿ ಎಂದು ಕೂಗುತ್ತೇನೆ. ಕೈ ಎತ್ತಿದರೆ ಗಾಡಿ ನಿಲ್ಲುತ್ತದೆ. ಎತ್ತದಿದ್ದರೆ ಗಾಡಿಯೂ ಡ್ರೈವರನೂ ಕೆಳಗೆ. ಇದಕ್ಕೆ ಸಾಲಿ ಓದು ಬೇಕಿಲ್ಲ, ನಾನು ಓದಿಯೂ ಇಲ್ಲ.

ಕಲ್ಲು ಸುರಿಯುವುದು ಹಳೆಯ ಖಣಿಗೆ. ಒಳ್ಳೆಯ ಕಲ್ಲೆಲ್ಲ ತೆಗೆದು ಬಿಟ್ಟುಹೋದ ದೊಡ್ಡ ಗುಂಡಿ ಅದು. ಬುಡದಲ್ಲಿ ಹಸಿರು ನೀರು, ಸುತ್ತ ಗೋಡೆಯ ಹಾಗೆ ಕೊಯ್ದ ಬಂಡೆ. ನಮ್ಮ ಕಡೆಯ ಗೋಡೆಯ ನಡುವೆ ಸಣ್ಣ ಕಟ್ಟೆಯಷ್ಟು ಜಾಗ ಚಾಚಿಕೊಂಡಿತ್ತು. ಮೇಲಿಂದ ನಾಯಿ ಇಳಿಯಲಾರದು, ಕೆಳಗಿನಿಂದ ಯಾರೂ ಹತ್ತಲಾರರು. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಗೂಗಿ ಮೊಟ್ಟೆ ಇಟ್ಟಿತ್ತು.

ಪೇಟೆಯ ಜನ ಗೂಬೆ ಎನ್ನುವುದನ್ನೇ ನಾವು ಗೂಗಿ ಎನ್ನುತ್ತೇವೆ. ಇದು ಹಾಳು ಮನೆಯಲ್ಲಿ ಕೂಡುವ ಸಣ್ಣ ಜಾತಿಯದಲ್ಲ. ಹುಂಜಕ್ಕಿಂತ ದೊಡ್ಡದು, ತಲೆಯ ಮೇಲೆ ಕೊಂಬಿನ ಹಾಗೆ ಎರಡು ಪುಕ್ಕ, ಕೆಂಡದಂಥ ಕಣ್ಣು. ಮೊಟ್ಟೆ ಒಡೆದು ಎರಡು ಮರಿ ಬಂದವು. ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಅಂಚಿನಲ್ಲಿ ಕೂತರೆ ನನಗೆ ಅವೇ ಟಿವಿ. ಕೆಳಗೆ ಇಲಿಯ ಬಾಲ, ಎಲುಬು ಬಿದ್ದಿರುತ್ತಿದ್ದವು. ನೋಡಲು ಚೆಂದ ಇರಲಿಲ್ಲ. ಆದರೂ ನೋಡುತ್ತಿದ್ದೆ.

ಟಿಪ್ಪರ್ ಡ್ರೈವರನಿಗೆ ಅವುಗಳ ಹೆಸರು ತೆಗೆದರೂ ಆಗುತ್ತಿರಲಿಲ್ಲ. ಅವನ ಹೆಂಡತಿ ಬಾಣಂತನಕ್ಕೆಂದು ಬಾದಾಮಿಯ ತವರಿಗೆ ಹೋಗಿದ್ದಳು.

“ತಮ್ಮಾ, ಅದರ ಮಾರಿ ಸೈತ ನನಗ ತೋರಿಸಬ್ಯಾಡ. ಬಸರಿ ಹೆಂಗಸು ಅದಾಳ ಮನ್ಯಾಗ.”

“ಆಕಿ ಬಾದಾಮ್ಯಾಗ ಅದಾಳಲ್ಲೋ ಅಣ್ಣಾ. ಗೂಗಿ ಅಲ್ಲಿಗೆ ಬಸ್ ಹತ್ತಿ ಹೋಗತೈತೇನು?”

“ನಗಬ್ಯಾಡಲೇ. ನಿನಗ ಲಗ್ನ ಆಗಲಿ, ಆಮ್ಯಾಲ ನಗು.”

ನಮ್ಮ ಮೇಲೆ ಕೆಲಸ ನೋಡಿಕೊಳ್ಳುವ ಮುಕಾದಮನದೂ ಅದೇ ಮಾತು. ಗೂಗಿ ಮರಿಗಳ ಮೇಲೆ ಕಲ್ಲು ಸುರಿದು ಶಾಪ ಯಾರು ಹೊರಬೇಕು ಎಂದು ಗುಂಡಿಯ ಆಚೆ ಕಡೆ ಸುರಿಯಲು ಹೇಳಿದ. ಗಾಡಿ ಪೂರ್ತಿ ಸುತ್ತು ಹಾಕಿ ಹೋಗಬೇಕು. ಡ್ರೈವರ್ ಒಂದು ದಿನವೂ ಗೊಣಗಲಿಲ್ಲ.

ನಾನು ಮರಿಗಳ ಫೋಟೊ ಮೊಬೈಲಿನ ಸ್ಟೇಟಸ್‌ಗೆ ಹಾಕಿದ್ದೆ. ಅದು ಯಾರಿಂದ ಯಾರಿಗೋ ಹೋಗಿ, ಬಾಗಲಕೋಟೆಯ ವಿದ್ಯಾಗಿರಿಯಿಂದ ಒಬ್ಬ ಕಾಲೇಜು ಹುಡುಗ ಕ್ಯಾಮೆರಾ ಹಿಡಿದು ಬೈಕಿನ ಮೇಲೆ ಬಂದ. ಒಳ್ಳೆಯ ಹುಡುಗ. ನಮ್ಮ ಜೊತೆ ರೊಟ್ಟಿ, ಶೇಂಗಾ ಚಟ್ನಿ ತಿಂದ, ಖಾರಕ್ಕೆ ಕಣ್ಣೀರು ಹಾಕಿದ. ಆಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದ.

“ಗೂಗಿ ಅಪಶಕುನ ಅನ್ನೂದೆಲ್ಲಾ ಸುಳ್ಳರಿ. ನಿಮ್ಮ ಹೊಲದಾಗಿನ ಇಲಿ ತಿಂತೈತಿ, ಅಷ್ಟ. ಇದರಿಂದ ಯಾರಿಗೂ ಏನೂ ಆಗಂಗಿಲ್ಲ.”

“ಖರೇನ?” ಎಂದ ಡ್ರೈವರ್.

“ಖರೇನ್ರಿ. ಪಾಪ, ಅದಕ್ಕ ನಾವ ಅಪಶಕುನ. ಇಲ್ಲಷ್ಟ ಅಲ್ಲ, ಎಲ್ಲಾ ದೇಶದಾಗೂ ಹಿಂಗ ಆಗೇತಿ. ಗುಡ್ಡ ಹೋಗತಾವ, ಹುಲ್ಲಿನ ಬೈಲು ಹೋಗತಾವ, ಕೆರಿ ಹೋಗತಾವ. ಮೊದಲ ಜಾಗಾ ಸಾಯತೈತಿ, ಪ್ರಾಣಿ ಆಮ್ಯಾಲ ಸಾಯತಾವ.”

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಇಲ್ಲಿ ಗುಂಡಿಗೆ ಮೊದಲು ಗುಡ್ಡ ಇತ್ತು. ಅದರಲ್ಲಿ ಗೂಗಿಗೆ ಬೇಕಾದಷ್ಟು ಸಂದಿ ಇದ್ದಿರಬೇಕು. ನಾವು ಗುಡ್ಡ ತೆಗೆದೆವು. ಅದು ನಮ್ಮ ಗುಂಡಿಗೆ ಬಂತು. ಈಗ ಗುಂಡಿಯನ್ನೂ ತುಂಬುತ್ತಿದ್ದೇವೆ.

ಮರುದಿನ ಬೆಳಿಗ್ಗೆ ಮೊದಲನೆಯ ಲೋಡ್ ನಮ್ಮ ಕಡೆಗೇ ಹಿಂದಕ್ಕೆ ಬಂತು. ನಾನು ಓಡಿ ಕೈ ಎತ್ತಿದೆ.

“ಯಾಕಣ್ಣಾ, ಇತ್ತಾಗ ಬಂದಿ?”

“ನಿನ್ನಿ ಆ ಹುಡುಗ ಹೇಳಿದ್ನಲ್ಲಾ, ಗೂಗಿಯಿಂದ ಏನೂ ಆಗಂಗಿಲ್ಲಂತ. ಏನೂ ಆಗಂಗಿಲ್ಲಂದ್ರ ನಾ ಯಾಕ ಸುತ್ತ ಹಾಕ್ಲಿ? ಹಿಡಿ, ಕೈ ಮಾಡು.”

ಹುಡುಗ ಹೇಳಿದ್ದು ಖರೆ. ಡ್ರೈವರ್ ಹೇಳಿದ್ದೂ ಖರೆ. ಇಷ್ಟು ದಿನ ಆ ಮರಿಗಳನ್ನು ಕಾಪಾಡಿದ್ದು ಗೂಗಿ ಅಪಶಕುನ ಎಂಬ ಸುಳ್ಳು. ಅದೇ ಸುಳ್ಳಿನಿಂದ ಅವನನ್ನು ಮತ್ತೆ ಹೆದರಿಸಬಹುದಿತ್ತು. ನಿನ್ನ ಹೆಂಡತಿ ನನ್ನ ಕನಸಿನಲ್ಲಿ ಅಳುತ್ತ ಬಂದಿದ್ದಳು ಎಂದರೆ ಸಾಕು, ಗಾಡಿ ತಿರುಗಿಸಿಬಿಡುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ದಿನ ತುಂಬಿದ ಹೆಂಗಸನ್ನು ಇದರಲ್ಲಿ ಎಳೆಯಲು ಮನಸ್ಸು ಬರಲಿಲ್ಲ. ಕೈ ಇಳಿಸಿ ಗಾಡಿಯ ಹಿಂದೆ ಕಲ್ಲಿನ ಮೇಲೆ ಕೂತೆ.

“ನಾ ಕೈ ಮಾಡಂಗಿಲ್ಲ.”

“ಯಾಕಲೇ?”

“ಮರಿ ಅದಾವ.”

“ಅಷ್ಟ?”

“ಅಷ್ಟ.”

ಅವನು ಹಾರ್ನ್ ಒತ್ತಿ ಹಿಡಿದ. ಕೈ ಮಾಡುವವನಿಲ್ಲದೆ ಯಾವ ಡ್ರೈವರನೂ ಆ ಅಂಚಿಗೆ ಗಾಡಿ ತರುವುದಿಲ್ಲ. ಮುಕಾದಮ ಓಡಿ ಬಂದ. ಹುಡುಗನ ಮಾತು ಕೇಳಿ ಅವನಿಗೂ ಶಾಪದ ಭಯ ಹೋಗಿತ್ತು.

“ಏನ್ಲೇ, ಕೆಲಸಾ ಬ್ಯಾಡಾಗೇತೇನು?”

“ಬೇಕ್ರಿ. ಆ ಕಡಿ ನಿಂದ್ರತೇನ್ರಿ. ಇಲ್ಲಿ ನಿಂದ್ರಂಗಿಲ್ರಿ.”

“ನೀ ನಿಂದ್ರಲಿಲ್ಲಂದ್ರ ನಾ ನಿಂದ್ರತೇನಿ, ಸರಿ ಅತ್ತ,” ಎಂದು ಅಂಚಿಗೆ ಹೋಗಿ ಕೆಳಗೆ ಬಾಗಿದ.

ಕೆಳಗೆ ದೊಡ್ಡ ಮರಿ ಅವನನ್ನು ನೋಡಿ ಎರಡೂ ರೆಕ್ಕೆ ಬಿಚ್ಚಿತು. ಮೊರದಷ್ಟು ಅಗಲವಾಗಿ ಮೈ ಉಬ್ಬಿಸಿ, ಕಣ್ಣು ಬಿಟ್ಟು, ಕೊಕ್ಕು ಕಟಕಟ ಬಡಿಯಿತು. ಮುಕಾದಮ ಎರಡು ಹೆಜ್ಜೆ ಹಿಂದೆ ಹಾರಿದ. ಡ್ರೈವರ್ ಬಿದ್ದು ಬಿದ್ದು ನಕ್ಕ.

“ನಗತೀಯೇನ್ಲೇ? ನಮ್ಮ ಮನ್ಯಾಕಿ ಸಂಬಳದ ದಿನಾ ತಡಾ ಮಾಡಿ ಹೋದ್ರ ಹಿಂಗ ನಿಂತಿರತಾಳ,” ಎಂದ ಮುಕಾದಮ. ಮತ್ತೆ ಬಾಗಿ ನೋಡಿದ, ಈ ಸಲ ತುಸು ಹೊತ್ತು. “ಎಂದ ಹಾರತಾವ ಇವು?”

“ಗೊತ್ತಿಲ್ರಿ.”

“ಹಾರೂತನಕ ಆ ಕಡೆನ ಹಾಕ್ರಿ. ಹಾರಿದ ಮ್ಯಾಲ ಇಲ್ಲೇ. ಆವಾಗ ನೀ ಮತ್ತ ನಾಟಕ ಮಾಡಿದ್ರ ಸೀದಾ ಮನಿಗೆ.”

“ಆತ್ರಿ,” ಎಂದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಕಟ್ಟೆ ಖಾಲಿ ಇತ್ತು. ಅದೇ ವಾರ ಡ್ರೈವರನಿಗೆ ಹೆಣ್ಣು ಮಗು ಹುಟ್ಟಿತು. ಪೇಢೆ ಹಂಚಿದ. ನನಗೆ ಎರಡು ಕೊಟ್ಟ. ಮರುದಿನ ಗಾಡಿ ನಮ್ಮ ಕಡೆ ಬಂತು. “ಇನ್ನೊಮ್ಮೆ ಬಗ್ಗಿ ನೋಡಲೇ,” ಎಂದ. ನೋಡಿದೆ. ಏನೂ ಇರಲಿಲ್ಲ. ಮಾತು ಕೊಟ್ಟಿದ್ದೆ, ಕೈ ಮಾಡಿದೆ. ಕಲ್ಲು ಬಿತ್ತು. ಮಳೆಗಾಲದ ಹೊತ್ತಿಗೆ ಕಟ್ಟೆ ಎಲ್ಲಿತ್ತು ಎಂದು ಹೇಳಲೂ ಬರದಂತಾಯಿತು.

ದೀಪಾವಳಿ ಆದ ಮೇಲೆ ಜೋಡಿ ಗೂಗಿ ತಿರುಗಿ ಬಂದವು. ಕೆಲಸ ಬಿಡುವ ಹೊತ್ತಿಗೆ ನಾವು ಸುರಿದ ಕಲ್ಲಿನ ಗುಡ್ಡೆಯ ಮೇಲೆ ಕೂತು ಕೂಗುತ್ತಿದ್ದವು. ಒಂದು ಇಳಿದು ಕಲ್ಲುಗಳ ನಡುವೆ ನಡೆದಾಡುತ್ತಿತ್ತು, ಮತ್ತೆ ಮೇಲೆ ಬರುತ್ತಿತ್ತು. ಮರಿ ಉಳಿಸಿದೆ ಎಂದು ನಾನು ಬೀಗಿದ್ದೆ. ಜಾಗ ಉಳಿಸಿರಲಿಲ್ಲ.

ಗುಂಡಿಯ ಮೂಲೆಯಲ್ಲಿ ಇನ್ನೊಂದು ಕಟ್ಟೆ ಇದೆ. ಮೊದಲಿನದಕ್ಕಿಂತ ಸಣ್ಣದು. ಆ ಮೂಲೆ ತುಂಬುವುದು ಬೇಡ ಎಂದು ಮುಕಾದಮನಿಗೆ ಹೇಳಿದೆ.

“ಅಲ್ಲೇನು ಮರಿ ಅದಾವೇನು?”

“ಇಲ್ರಿ. ಮುಂದ ಆದಾವು.”

“ಮರಿ ಹಾರಿ ಹೋಗತಾವಂತ ಬಿಟ್ಟೆಪಾ. ಜಾಗಾ ಎಂದ ಹಾರಿ ಹೋಗತೈತಿ? ಎಲ್ಲೀ ಮಟಾ ಕಾಯೂದು ನಾವು?”

ಮೂಲೆಯಲ್ಲೇ ಸುರಿಯಿರಿ ಎಂದು ಹೇಳಿ ಅವನು ಹೋದ.

ಮಧ್ಯಾಹ್ನ ಲೋಡ್ ಬಂತು. ಡ್ರೈವರ್ ಮೂಲೆಗೆ ತಿರುಗುವ ಮೊದಲು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದ. ಗಾಜಿಗೆ ಮಗಳ ಫೋಟೊ ಅಂಟಿಸಿದ್ದ.

“ಎಲ್ಲಿ ಹಾಕ್ಲೋ?”

ನಾನು ಆಚೆ ಕಡೆಗೆ ಕೈ ತೋರಿಸಿದೆ.

“ನಿನ್ನ ಗೂಗಿ ಸಂಬಂಧ ನನ್ನ ಟೈರ್ ಸವದು ಹೋದುವು,” ಎಂದು ಬೈದು ಗಾಡಿ ಸುತ್ತು ಹಾಕಿಸಿದ. ಅವತ್ತಿನಿಂದ ಅವನು ಕೇಳುವುದಿಲ್ಲ, ತಾನೇ ಸುತ್ತು ಹಾಕುತ್ತಾನೆ. ಮುಕಾದಮ ಇನ್ನೂ ಆ ಮೂಲೆಯ ಕಡೆ ಬಂದಿಲ್ಲ. ಬಂದ ದಿನ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ. ಅಲ್ಲಿಯ ತನಕ ಕೈ ನನ್ನದು.