ಚಳಿ ತಾಕಿದರೆ ಹೂವು

ಎದುರುಮನೆ ದೊಡ್ಡಮ್ಮನ ಉಗುರುಸಂದಿಯಲ್ಲಿ ಯಾವಾಗಲೂ ಇದ್ದಿಲಿನ ಕಪ್ಪು ಕೂತಿರುತ್ತಿತ್ತು. ನಮ್ಮ ಆದೋನಿಯಲ್ಲೇ ಹತ್ತಿ ವ್ಯಾಪಾರ ಮಾಡಿ ಬಾಳಿದ ಮನೆತನ, ಹಣೆತುಂಬ ವಿಭೂತಿ, ಗಂಜಿ ಹಾಕಿದ ಸೀರೆ. ಕೈ ನೋಡಿದರೆ ಮಾತ್ರ ಇಸ್ತ್ರಿ ಅಂಗಡಿಯವರ ಹಾಗೆ. ಆ ಇದ್ದಿಲು ಅವರ ಆರ್ಕಿಡ್ ಕುಂಡದ್ದು. ಆ ಗಿಡಕ್ಕೆ ಮಣ್ಣು ಆಗಿಬರುವುದಿಲ್ಲ, ಇದ್ದಿಲು ಮತ್ತು ತೆಂಗಿನ ನಾರು ಸಾಕು. ನಮ್ಮೂರ ಬಿಸಿಲಿಗೆ ಅದು ಬದುಕಿದ್ದೇ ದೊಡ್ಡದು ಬಿಡಿ.

ಅದನ್ನು ಕರ್ನೂಲಿನ ನರ್ಸರಿಯಿಂದ ತಂದವಳು ಅವರ ಒಬ್ಬಳೇ ಮಗಳು. ಹೂವಿದ್ದ ಗಿಡವನ್ನೇ ತಂದಿದ್ದಳು. ಹೂ ಇನ್ನೂ ಉದುರಿರಲಿಲ್ಲ, ಅವಳೇ ಹೋಗಿಬಿಟ್ಟಳು. ಹುಡುಗಿಗೆ ಚಿಕ್ಕಂದಿನಿಂದ ದಮ್ಮು. ಆ ಚಳಿಗಾಲದಲ್ಲಿ ಉಸಿರು ಕಟ್ಟಿದ್ದು ಬಿಡಲೇ ಇಲ್ಲ.

ಅಂದಿನಿಂದ ದೊಡ್ಡಮ್ಮ ಗಿಡವನ್ನು ‘ಆಕಿ’ ಎನ್ನತೊಡಗಿದರು. “ಕುಂದರವ್ವ, ಆಕಿಗೆ ನೀರು ಕೊಟ್ಟು ಬರ್ತೀನಿ” ಎಂದು ಒಳಗೆ ಹೋಗುತ್ತಿದ್ದರು. ಕುಂಡವನ್ನು ಮಗಳ ಕೋಣೆಯಲ್ಲಿಟ್ಟು, ಕಿಟಕಿ ಮುಚ್ಚಿ, ಚಳಿ ಶುರುವಾದರೆ ಕುಂಡಕ್ಕೆ ಮಗಳ ಶಾಲು ಸುತ್ತುತ್ತಿದ್ದರು. ಎಲೆಗಳೇನೋ ಕಡುಹಸಿರು, ಹೂವಿನ ಸುಳಿವೇ ಇಲ್ಲ.

“ವರ್ಷಕ್ಕ ಒಮ್ಮಿ ಬಿಡ್ತೈತಿ ಅಂದಿದ್ಲು. ಯಾಕ ಬಿಡವಲ್ದು? ಒಮ್ಮಿ ಬಿಟ್ರ ಸಾಕು, ಆಕಿ ಮಾರಿ ನೋಡಿದಂಗ ಆಗ್ತೈತಿ ನನಗ.” ಬಂದವರ ಮುಂದೆಲ್ಲ ಇದೇ ಮಾತು.

ನಾನು ಮೊದಲೇ ಬಾಯಿಬಡಕಿ, ಸುಮ್ಮನಿರುವ ಜಾತಿಯಲ್ಲ. ಕರ್ನೂಲಿಗೆ ಹೋದಾಗ ನರ್ಸರಿಯವನನ್ನು ಕೇಳಿಯೇ ಬಂದೆ. “ಚಲಿ ತಗಲಾಲಮ್ಮಾ, ಅಪ್ಪುಡೇ ಪೂಸ್ತುಂದಿ” ಎಂದ ಅವನು. ಚಳಿ ತಾಕಬೇಕು, ಆಗಲೇ ಹೂ. ಬೆಳಗಿನ ಎಳೆ ಬೆಳಕು ಬೇಕು, ಕೆಲವು ವಾರ ರಾತ್ರಿ ತಣ್ಣಗಿರಬೇಕು, ಇಲ್ಲದಿದ್ದರೆ ಹೂವಿನ ಕಡ್ಡಿ ಏಳುವುದೇ ಇಲ್ಲವಂತೆ. ಬಸ್ಸಿಳಿದವಳೇ ಹೋಗಿ ದೊಡ್ಡಮ್ಮನಿಗೆ ಒಪ್ಪಿಸಿದೆ.

ಅವರು ಕುಂಡಕ್ಕೆ ಅಡ್ಡ ನಿಂತರು. “ಥಂಡ್ಯಾಗ ಹೊರಗ ಇಡು ಅಂತೀಯೇನ? ಆಕೀನ್ನ? ನಿನ್ನ ಬಾಯಾಗ ಹೆಂಗ ಬಂತವ್ವ ಈ ಮಾತು!”

“ದೊಡ್ಡಮ್ಮ, ಅದು ಗಿಡರೀ.”

“ಗೊತ್ತೈತಿ. ನನಗೇನು ಹುಚ್ಚು ಹಿಡಿದಿಲ್ಲ” ಎಂದವರು ಶಾಲನ್ನು ಇನ್ನೂ ಬಿಗಿಯಾಗಿ ಸುತ್ತಿದರು. ಆಮೇಲೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟರು.

ಮರುವರ್ಷದ ಚಳಿಗಾಲ. ಮುಂಜಾನೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಕುಂಡ ಅವರ ಕಟ್ಟೆಯ ಮೇಲಿತ್ತು, ಶಾಲಿಲ್ಲದೆ. ಪಕ್ಕದಲ್ಲಿ ಬರೀ ಸೆರಗು ಹೊದ್ದು ದೊಡ್ಡಮ್ಮ ನಡುಗುತ್ತ ಕೂತಿದ್ದರು. ರಾತ್ರಿಯೆಲ್ಲ ಅಲ್ಲೇ ಇದ್ದರಂತೆ.

“ಅಯ್ಯೋ, ನೀವಾದ್ರೂ ಶಾಲು ಹೊದ್ಕೋಬಾರದೇನ್ರೀ?”

“ಆಕಿ ಹಂಗೇ ಕುಂತಿರುವಾಗ ನಾ ಹೆಂಗ ಹೊದ್ಕೊಳ್ಳವ್ವ?”

ಆ ಚಳಿ ಮುಗಿಯುವವರೆಗೂ ಹಾಗೆಯೇ ಕಾದರು. ಎಲೆಯ ಬುಡದಿಂದ ಹಸಿರು ಕಡ್ಡಿಯೊಂದು ಎದ್ದಿತು, ಮೊಗ್ಗು ಕಟ್ಟಿತು, ತಿಳಿನೇರಳೆ ಹೂಗಳು ಬಿಟ್ಟವು. ಯುಗಾದಿ ದಾಟಿದರೂ ಬಾಡಲಿಲ್ಲ. ದೊಡ್ಡಮ್ಮ ಅದರೆದುರೇ ಉಂಡರು, ಅದರೆದುರೇ ನಕ್ಕರು. ನನಗಂತೂ ಹೆಮ್ಮೆಯೋ ಹೆಮ್ಮೆ.

ಆಮೇಲೆ ಒಂದೊಂದೇ ಉದುರತೊಡಗಿದವು. ಕೊನೆಯ ಹೂ ಬಿದ್ದ ದಿನ ಅದನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಸಿಟ್ಟಿರಲಿಲ್ಲ, ದನಿ ಏರಲಿಲ್ಲ.

“ಒಮ್ಮಿ ಕಳಕೊಂಡಿದ್ದೆ. ನಿನ್ನ ಮಾತು ಕೇಳಿ ಎರಡನೇ ಸಲ ಕಳಕೊಂಡೆ ನೋಡವ್ವ.”

ಮಗಳ ಕೋಣೆಯ ಕಿಟಕಿ ಮತ್ತೆ ಮುಚ್ಚಿತು. ಗಿಡವನ್ನು ಅವರು ಮತ್ತೆಂದೂ ಹೊರಗಿಡಲಿಲ್ಲ.

ಅದೇ ಕೋಣೆಯಲ್ಲಿ, ನಿದ್ದೆಯಲ್ಲೇ ಅವರೂ ಹೋದರು. ಮನೆ ಖಾಲಿ ಮಾಡಲು ಆಲೂರಿನಿಂದ ಬಂದ ಅವರ ತಮ್ಮ, “ಗಿಡದ ಹುಚ್ಚಿರೋರು ನೀವೇ ಅಲ್ರೀ, ಇಟ್ಕೊಳ್ರಿ” ಎಂದು ಕುಂಡವನ್ನು ನನ್ನ ಕೈಗೆ ಕೊಟ್ಟು ಹೋದರು.

ನಮ್ಮ ಮನೆಯಲ್ಲಿ ಮೂಡಣ ಕಿಟಕಿಯಿದೆ, ಬೆಳಕಿದೆ. ಚಳಿ ಬಿದ್ದ ಸಂಜೆ ಕುಂಡವನ್ನು ಹೊರಗಿಡುತ್ತೇನೆ. ಬಾಗಿಲು ಹಾಕುವಷ್ಟರಲ್ಲಿ ಹೊರಗೆ ಯಾರೋ ಉಸಿರಿಗೆ ಒದ್ದಾಡುವ ಸದ್ದು ಕೇಳಿದಂತಾಗುತ್ತದೆ. ಭ್ರಮೆ ಎಂದು ಗೊತ್ತು. ಆದರೂ ಓಡಿಹೋಗಿ ಒಳಗೆ ತರುತ್ತೇನೆ. ಹೀಗೆ ಮಾಡಿದರೆ ಅದು ಹೂ ಬಿಡುವುದಿಲ್ಲ, ಬಿಟ್ಟೂ ಇಲ್ಲ. ಬೇಡ. ಬಿಟ್ಟರೆ ಉದುರುತ್ತದಲ್ಲ, ಆಗ ನಾನು ಯಾರ ಮನೆಗೆ ಹೋಗಿ ಹೇಳಲಿ?