ಎರಡು ವರ್ಷದ ನರ್ಸು

ನಾನು ಓದಿದ್ದು ಎರಡು ವರ್ಷದ ಎ.ಎನ್.ಎಂ. ಕೋರ್ಸು. ಹೆರಿಗೆ ಮಾಡಿಸುವುದು, ಸೂಜಿ ಹಾಕುವುದು, ಕೂಸಿಗೆ ಲಸಿಕೆ ಕೊಡುವುದು, ಗಾಯ ತೊಳೆದು ಕಟ್ಟುವುದು ಕಲಿಸಿದ್ದರು. ಬ್ಯಾಡಗಿಯ ನಮ್ಮ ಓಣಿಯ ಹೆಂಗಸರೆಲ್ಲ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುವವರು. ಅಮ್ಮಿಯೂ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದರೆ ಉರಿಯುವ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ನನ್ನ ಗಲ್ಲ ಮುಟ್ಟದೆ ದೂರದಿಂದಲೇ ಮಾತಾಡಿಸುತ್ತಿದ್ದಳು. ನಾನು ಪಾಸಾದ ದಿನ ಆಕೆ ಓಣಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಮಾತು ಹೇಳಿದಳು: "ಜನ ಹುಟ್ಟೂದು ನಿಂತ ದಿನ ಅಷ್ಟ ನನ್ನ ಮಗಳ ಕೆಲಸ ನಿಂತೀತು."

ಆಗ ಅದು ಸುಳ್ಳಲ್ಲ. ವಾರದೊಳಗೆ ಎರಡು ಕಡೆಯಿಂದ ಕರೆ ಬಂತು. ರಾಣೇಬೆನ್ನೂರಿನಲ್ಲಿ ಒಬ್ಬ ಡಾಕ್ಟರಮ್ಮ ನಡೆಸುತ್ತಿದ್ದ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆಗೆ ನಾನು ಸೇರಿದೆ. ಅಲ್ಲಿ ನಾವು ನಾಲ್ವರು ನರ್ಸುಗಳು, ನಾಲ್ವರೂ ಎರಡು ವರ್ಷದವರೇ. ಮಧ್ಯಾಹ್ನ ಒಬ್ಬಳ ಬುತ್ತಿಯಲ್ಲಿ ಇನ್ನೊಬ್ಬಳ ಕೈ. ಡಾಕ್ಟರಮ್ಮ ಆಪರೇಶನ್ನಿನಲ್ಲಿದ್ದಾಗ ಎಷ್ಟೋ ಹೆರಿಗೆಗಳನ್ನು ನಾವೇ ಮುಗಿಸಿ, ಕೂಸಿನ ಅಳು ಕೇಳಿಸಿದ ಮೇಲೆ ಅವರನ್ನು ಕರೆದದ್ದುಂಟು. ಮನೆಗೆ ಬಂದ ಸಂಬಂಧಗಳು ನನ್ನ ಡ್ಯೂಟಿಯ ಹೊತ್ತು ಕೇಳಿ ಹಿಂದೆ ಸರಿದವು. ಅಮ್ಮಿ ತೀರಿಕೊಂಡಳು. ಅಣ್ಣನ ಮನೆಯ ಮುಂದಿನ ಖೋಲಿ ನನ್ನದಾಯಿತು. ಹೀಗೆ ಹದಿನೆಂಟು ವರ್ಷ ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಓಡಾಡಿದೆ.

ಡಾಕ್ಟರಮ್ಮನಿಗೆ ವಯಸ್ಸಾಯಿತು, ಕೈ ನಡುಗತೊಡಗಿತು. ಆಸ್ಪತ್ರೆಯನ್ನು ಹೊಸದಾಗಿ ಎದ್ದಿದ್ದ ದೊಡ್ಡ ಆಸ್ಪತ್ರೆಯವರಿಗೆ ವಹಿಸಿಕೊಟ್ಟರು. ನಮ್ಮನ್ನೂ ಅಲ್ಲಿಗೆ ಕಳಿಸಿದರು. ಅಲ್ಲಿ ಕಾಗದ ನೋಡುತ್ತಿದ್ದ ಯುವಕ ಸಭ್ಯನೇ ಇದ್ದ.

"ಮೇಡಂ, ಈಗ ಕನಿಷ್ಠ ಮೂರು ವರ್ಷದ ಕೋರ್ಸು ಬೇಕರಿ. ನಾಲ್ಕು ವರ್ಷದ ಡಿಗ್ರಿ ಇದ್ದವ್ರ ಬೇಕಾದಷ್ಟು ಮಂದಿ ಬರಾಕತ್ತಾರ. ನಿಮ್ದು ಎರಡು ವರ್ಷದ್ದು."

"ಹದಿನೆಂಟು ವರ್ಷ ಕೆಲಸಾ ಮಾಡೇನಿ ಅಲ್ರೀ."

"ಅದನ್ನ ಬರ್ಯಾಕ ಇದರಾಗ ಜಾಗಾ ಇಲ್ರಿ," ಎಂದು ಆತ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ.

ಸರ್ಕಾರಿ ಆರೋಗ್ಯ ಉಪಕೇಂದ್ರದ ಹುದ್ದೆಗೆ ನನ್ನ ವಯಸ್ಸು ಮೀರಿತ್ತು. ಉಳಿದ ಮೂವರಲ್ಲಿ ಒಬ್ಬಳು ಮಗಳ ಊರಿಗೆ ಹೋದಳು, ಒಬ್ಬಳು ಔಷಧದ ಅಂಗಡಿ ಸೇರಿದಳು, ಇನ್ನೊಬ್ಬಳು ಮನೆಯಲ್ಲೇ ಉಳಿದಳು. ನಾನೊಬ್ಬಳೇ ಅವರು ಕೊಟ್ಟ ಕೆಲಸಕ್ಕೆ ಒಪ್ಪಿಕೊಂಡೆ. ಅದರ ಹೆಸರು ಸಹಾಯಕಿ. ನರ್ಸುಗಳಿಗೆ ತಿಳಿನೀಲಿ ಉಡುಪು, ಸಹಾಯಕಿಯರಿಗೆ ಕಂದು ಕೋಟು. ರೋಗಿಯ ಮೈ ಒರೆಸಬಹುದು, ಹಾಸಿಗೆ ಬದಲಿಸಬಹುದು, ಗಾಲಿಕುರ್ಚಿ ತಳ್ಳಬಹುದು. ಸೂಜಿ ಮುಟ್ಟುವಂತಿಲ್ಲ. ಮೊದಲ ದಿನ ಆ ಕೋಟಿನಲ್ಲಿ, ಹಿಂದೆ ನಾನು ಹೆರಿಗೆ ಮಾಡಿಸಿದ್ದ ಹೆಂಗಸೊಬ್ಬಳ ಎದುರಿಗೆ ಸಿಕ್ಕಿಬಿದ್ದೆ. ಆಕೆ ಗುರುತು ಹಿಡಿದು ನಕ್ಕಳು. ನಾನು ಬಕೆಟ್ ಎತ್ತಿಕೊಂಡು ಬೇರೆ ದಾರಿ ಹಿಡಿದೆ.

ಆರು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಮಕ್ಕಳ ವಾರ್ಡಿಗೆ ಏಳೆಂಟು ತಿಂಗಳ ಕೂಸು ಬಂತು. ವಾಂತಿ ಭೇದಿಯಿಂದ ಒಣಗಿಹೋಗಿತ್ತು, ಕಣ್ಣು ಗುಳಿಬಿದ್ದಿದ್ದವು, ಅಳಲಿಕ್ಕೂ ಶಕ್ತಿ ಇರಲಿಲ್ಲ. ಸಲೈನ್ ಏರಿಸಲು ಹೇಳಿ ಡಾಕ್ಟರು ಇನ್ನೊಂದು ತುರ್ತಿಗೆ ಓಡಿದ್ದರು. ಡ್ಯೂಟಿಯಲ್ಲಿದ್ದವಳು ಡಿಗ್ರಿ ಮುಗಿಸಿ ಬಂದ ಹೊಸ ಹುಡುಗಿ. ಬಲಗೈಗೆ ಚುಚ್ಚಿದಳು, ನರ ಸಿಗಲಿಲ್ಲ. ಎಡಗೈಗೆ ಚುಚ್ಚಿದಳು. ಮತ್ತೆ ಬಲಗೈ. ಅಷ್ಟು ಒಣಗಿದ ಕೂಸಿನ ಕೈಯಲ್ಲಿ ನರ ಹುಡುಕುವುದು ಯಾರಿಗೂ ಸುಲಭವಲ್ಲ. ಆಕೆಯ ಹಣೆ ಬೆವೆತಿತ್ತು. ಕೂಸಿನ ಅಜ್ಜಿ ಮಂಚದ ಕಂಬಿ ಹಿಡಿದು, "ಇನ್ನ ಎಷ್ಟು ಸಲ ಚುಚ್ಚತೀಯವ್ವಾ?" ಎಂದಳು.

ಹುಡುಗಿ ನನ್ನತ್ತ ತಿರುಗಿದಳು. "ಅಕ್ಕಾ, ನನ್ನ ಕೈಲೇ ಆಗವಲ್ದು. ನೀವ ಹಾಕಿಬಿಡ್ರಿ. ಲಗೂ."

ಪಾದದ ಒಳಬದಿಯ ಗಿಣ್ಣಿನ ಮುಂದೆ ಒಂದು ನರ ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಅಲ್ಲಿಯೇ ಇರುತ್ತದೆ. ಕೈ ತೊಳೆದುಕೊಂಡು ಬಂದೆ, ಪಾದವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದೆ, ಸೂಜಿ ಏರಿಸಿದೆ. ನಳಿಕೆಯಲ್ಲಿ ರಕ್ತ ಕಾಣಿಸಿತು. ಪಟ್ಟಿ ಅಂಟಿಸುವಾಗ ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುತ್ತಿದ್ದವು. ಆ ಆರು ತಿಂಗಳಲ್ಲಿ ನನಗೆ ಸಂತೋಷವಾದದ್ದು ಆ ಐದು ನಿಮಿಷ ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಕೂಸು ಉಚ್ಚೆ ಹೊಯ್ದಿತು, ಅತ್ತಿತು. ಅಜ್ಜಿಗೆ ಹಿಗ್ಗು ತಡೆಯಲಾಗಲಿಲ್ಲ. ರೌಂಡಿಗೆ ಬಂದ ಮೇಲ್ವಿಚಾರಕಿಯ ಮುಂದೆ ಕೈಮುಗಿದು, "ಆ ಕಂದ್ ಕೋಟಿನ ಬಾಯಾರ ಕೈಗುಣ ಭಾಳ ಚಲೋ ಐತ್ರಿ. ಒಂದ ಸಲಕ್ಕ ಸೂಜಿ ಹಾಕಿದ್ರು, ನನ್ನ ಮೊಮ್ಮಗನ್ನ ಉಳಿಸಿದ್ರು," ಎಂದಳು. ಪಾಪ, ಒಳ್ಳೆಯದಾಗಲೆಂದೇ ಹೇಳಿದ್ದಳು.

ಮೇಲ್ವಿಚಾರಕಿ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿದರು. ಹುಡುಗಿಯನ್ನು ಕೇಳಿದರು, "ಸೂಜಿ ಹಾಕು ಅಂತ ಇವರಿಗೆ ನೀವ ಹೇಳಿದ್ರೇನು?"

ಆಕೆ ನೆಲ ನೋಡುತ್ತಿದ್ದಳು. "ಇಲ್ರಿ ಮೇಡಂ. ನಾ ಅನ್ನಲಿಲ್ಲ. ನಾ ಕಾಟನ್ ತರಾಕ ಹೋಗಿದ್ದೆ."

ಮೇಲ್ವಿಚಾರಕಿ ನನ್ನತ್ತ ನೋಡಿದರು. ನಿಜ ಹೇಳಬಹುದಿತ್ತು. ಆದರೆ ಹುಡುಗಿಯ ಕತ್ತಿನ ನರ ಪಟಪಟ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಆಕೆಯದು ಇನ್ನೂ ಕಾಯಂ ಆಗದ ಕೆಲಸ. "ನಂದ ತಪ್ಪಾತ್ರಿ," ಎಂದೆ. ಔದಾರ್ಯದಿಂದ ಹೇಳಿದೆ ಎಂದು ಬರೆದರೆ ಸುಳ್ಳಾದೀತು. ವಾದ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೆ.

"ನಿಮ್ಮ ಕೈ ಚಲೋ ಇರಬೌದು. ನಾಳೆ ಏನರ ಆದ್ರ ಉತ್ತರಾ ಕೊಡಾವ್ರು ಯಾರು?" ಎಂದು ಅವರು ಒಂದು ಕಾಗದ ಮುಂದಿಟ್ಟರು. ಇನ್ನು ಮುಂದೆ ನನ್ನ ಕೆಲಸದ ಎಲ್ಲೆ ಮೀರುವುದಿಲ್ಲ ಎಂದು ಅದರಲ್ಲಿತ್ತು. ಅವರ ಮಾತು ತಪ್ಪೂ ಅಲ್ಲ. ರುಜು ಮಾಡಿಕೊಟ್ಟೆ.

ಆಮೇಲೆ ಮೂರು ವಾರ ಇದ್ದೆ. ಯಾರೂ ಬೈಯಲಿಲ್ಲ. ನಾನು ಹೋದಲ್ಲಿ ಮಾತು ನಿಲ್ಲುತ್ತಿತ್ತು. ಊಟದ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಕೊನೆಗೆ ಒಗೆದು ಮಡಿಸಿದ ಕೋಟನ್ನು ಕೌಂಟರಿನ ಮೇಲಿಟ್ಟು ಬಂದುಬಿಟ್ಟೆ. ಅಂದು ಸಂಜೆ ರೈಲ್ವೆ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದಾಗ ಆ ಹುಡುಗಿ ಓಡುತ್ತ ಬಂದಳು.

"ಅಕ್ಕಾ, ನಾ ಸುಳ್ಳ ಹೇಳಿದ್ನಿ. ಹೆದರಿದ್ನಿ."

"ಗೊತ್ತೈತಿ."

"ಬೈರಿ ನನಗ."

"ಬೈದ್ರ ಏನ್ ಬರತೈತವ್ವಾ? ಹೋಗು, ಡ್ಯೂಟಿಗೆ ತಡಾ ಆಗತೈತಿ."

ಆಕೆ ಅಳುತ್ತ ನಿಂತೇ ಇದ್ದಳು. ಬೆನ್ನು ಸವರಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಗಾಡಿ ಬಂತು, ಹತ್ತಿದೆ, ಕಿಟಕಿಯ ಕಡೆ ಕೂರಲಿಲ್ಲ. ಅದು ಈಗಲೂ ಕೆಲವೊಮ್ಮೆ ಚುಚ್ಚುತ್ತದೆ.

ಈಗ ನಾನು ಹಾವೇರಿಯ ಒಂದು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತೇನೆ. ನನ್ನಂಥ ಎರಡು ವರ್ಷದವರಿಗೆ ಈಗ ಸುಲಭವಾಗಿ ಸಿಗುವ ಕೆಲಸ ಇದೇ. ರೋಗಿ ನಿವೃತ್ತ ಶಾಲಾ ಶಿಕ್ಷಕಿ. ಲಕ್ವ ಹೊಡೆದು ಬಲಭಾಗವೂ ಮಾತೂ ಹೋಗಿವೆ. ಮಗ ವಕೀಲರು, ಸೊಸೆ ಬ್ಯಾಂಕಿನಲ್ಲಿ. ಒಳ್ಳೆಯ ಜನ. ಬೆಳಿಗ್ಗೆ ಒಂಬತ್ತೂವರೆಗೆ ಅವರು ಹೊರಟರೆ ಮನೆಯಲ್ಲಿ ನಾವಿಬ್ಬರೇ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತೇನೆ, ಬೆನ್ನಿಗೆ ಪೌಡರ್ ಹಾಕುತ್ತೇನೆ, ಗಂಜಿ ಕುಡಿಸುತ್ತೇನೆ. ಶಿಕ್ಷಕಿ ನೋಡುತ್ತಾರೆ, ಹೇಳುವುದಕ್ಕಾಗುವುದಿಲ್ಲ. ನಾನು ಹೇಳುತ್ತೇನೆ, ಕೇಳುವವರು ಬೇರೆ ಯಾರೂ ಇಲ್ಲ. ಕೆಲವೊಮ್ಮೆ ಗೊತ್ತಿಲ್ಲದಂತೆ ಉರ್ದುವಿಗೆ ಜಾರುತ್ತೇನೆ. ಅಮ್ಮಿ ಹೋದ ಮೇಲೆ ಅಷ್ಟು ಉರ್ದು ನಾನು ಮಾತಾಡಿದ್ದೇ ಇಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇಡೀ ಮನೆಯಲ್ಲಿ ನಾನು ರೊಟ್ಟಿ ಮುರಿಯುವ ಸದ್ದು ಕೇಳಿಸುತ್ತದೆ.

ಈ ವರ್ಷ ಅಣ್ಣನ ಮಗಳು ಪಿಯುಸಿ ಮುಗಿಸಿದಳು. "ಫೂಫು, ನಾನೂ ನರ್ಸ್ ಆಗತೇನಿ. ಎರಡು ವರ್ಷದ್ದು ಮುಗಿಸಿ ಲಗೂ ಕೆಲಸಕ್ಕ ಸೇರಿಬಿಡಲ್ಯಾ?" ಎಂದಳು.

"ಬ್ಯಾಡ. ಓದೂದಾದ್ರ ನಾಲ್ಕು ವರ್ಷದ್ದ ಓದು."

"ನೀವು ಎರಡ ವರ್ಷದಾಗ ಎಲ್ಲಾ ಕಲ್ತೀರಲ್ಲಾ?"

"ಕಲ್ತೇನಿ. ಈಗ ಅದನ್ನ ಯಾರೂ ಕೇಳೂದಿಲ್ಲವಾ," ಎಂದೆ.

ನಾಲ್ಕು ವರ್ಷದ್ದಕ್ಕೆ ಜಾಗ ಸಿಕ್ಕದ್ದು ದೂರದ ಊರಿನ ಕಾಲೇಜಿನಲ್ಲಿ. ಹೊರಡುವ ದಿನ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನನ್ನೂ ಅವಳನ್ನೂ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಕೈ ಚಾಚಿ, "ಫೂಫು, ಮುಂದಿನ ಖೋಲ್ಯಾಗ ಒಬ್ಬಾಕಿನ ಮಕ್ಕೋತೀರೇನು ಇನ್ನ?" ಎಂದಳು. ಅಮ್ಮಿ ಹೋದಂದಿನಿಂದ ನನ್ನ ಜೊತೆ ಮಲಗಿ ರೂಢಿಯಾದವಳು. "ಹೂಂ, ಇನ್ನ ಕಾಲ ಚಾಚಿ ಮಕ್ಕೋತೇನಿ," ಎಂದು ನಕ್ಕೆ. ಬಸ್ಸು ಹೊರಟಿತು.

ಅರ್ಧ ದಿನಕ್ಕಷ್ಟೇ ರಜೆ ಕೇಳಿದ್ದೆ. ನಡೆದೇ ಕೆಲಸದ ಮನೆಗೆ ಹೋದೆ. ಸೊಸೆ ನನಗಾಗಿ ಕಾಯುತ್ತಿದ್ದರು, ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, "ನಮ್ಮತ್ತಿ ಇವತ್ತ ಏನೂ ತಿಂದಿಲ್ರಿ, ನನ್ನ ಕೈಲೆ ಬಾಯಿ ತಗೀವಲ್ರು. ನೀವ ಕುಡಿಸಬೇಕಂತ ಕಾಣತೈತಿ," ಎಂದು ಹೇಳಿ ಹೋದರು. ಗಂಜಿ ಬಿಸಿ ಮಾಡಿದೆ. ಅವರ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಚಮಚ ಬಾಯಿಗೆ ಹಿಡಿದೆ. ಮೊದಲ ಗುಟುಕು ತುಟಿಯ ಬದಿಯಿಂದ ಇಳಿಯಿತು, ಒರೆಸಿದೆ. ಎರಡನೆಯದನ್ನು ನುಂಗಿದರು. ಬಟ್ಟಲು ಖಾಲಿಯಾಗಲು ಮುಕ್ಕಾಲು ತಾಸು ಹಿಡಿಯಿತು.